ನಿಮ್ದಾಗ್ಲಿ ಮೊದ್ಲ

ನವೆಂಬರ್ 6, ಗುರುವಾರ

ಬೆಳಿಗ್ಗೆ ಎರಡು ಮೋಟಾರು ಬಂದವು. ಎರಡೂ ಸುಟ್ಟುಹೋದಂಥವು. ಒಂದಕ್ಕೆ ತಂತಿ ಸುತ್ತಲು ಕೂತವನು ಅರ್ಧಕ್ಕೇ ಬಿಟ್ಟು ಅಂಗಡಿಯ ಶಟರ್ ಎಳೆದೆ. ಹುಬ್ಬಳ್ಳಿ ಆಸ್ಪತ್ರೆಯಿಂದ ಫೋನ್ ಬಂದಿತ್ತು, ನಿಮ್ಮ ಹೆಂಡತಿ ಗುರವ್ವನ ರಿಪೋರ್ಟ್ ಬಂದಿದೆ, ಅವರನ್ನೂ ಕರೆದುಕೊಂಡು ಬನ್ನಿ ಅಂತ.

ಅನ್ನನಾಳದಲ್ಲಿ ಗಡ್ಡೆ. ಕ್ಯಾನ್ಸರ್. ದಾರಿ ಮುಚ್ಚುತ್ತಾ ಬಂದಿದೆಯಂತೆ. ಹದಿನೆಂಟಕ್ಕೆ ಹೊಟ್ಟೆಗೆ ತೂತು ಮಾಡಿ ಪೈಪ್ ಹಾಕುತ್ತಾರೆ. ಆಮೇಲೆ ಕರೆಂಟ್ ಕೊಡುವುದು, ರೇಡಿಯೇಶನ್ ಅಂತಾರಲ್ಲ, ಅದು. ಊಟವೆಲ್ಲ ಪೈಪಿನಿಂದಲೇ. ಮತ್ತೆ ಬಾಯಿಂದ ಉಣ್ಣುತ್ತಾಳಾ ಅಂತ ಕೇಳಿದೆ. ಡಾಕ್ಟರ್ ನಮ್ಮ ಮಗಳು ಅಮೃತಾಳ ವಯಸ್ಸಿನ ಹುಡುಗಿ. "ಆಸೆ ಇಟ್ಕೋಬ್ಯಾಡ್ರಿ" ಅಂದಳು.

ಆಮೇಲೆ ಕೇಳಿದಳು— "ನುಂಗಾಕ ತ್ರಾಸ ಯಾವಾಗಿಂದ ಐತ್ರಿ ಇವ್ರಿಗೆ?"

ನಾನು ಹೆಂಡತಿಯ ಕಡೆ ತಿರುಗಿದೆ. ಗುರವ್ವ ನೆಲ ನೋಡುತ್ತಾ, "ಉಗಾದಿ ಮುಂದಿಂದ ಐತ್ರಿ" ಅಂದಳು.

"ಇಷ್ಟ್ ದಿನ ಮನ್ಯಾಗ ಯಾರೂ ನೋಡಿಲ್ಲೇನ್ರಿ? ಕೂಡಿ ಊಟ ಮಾಡಂಗಿಲ್ಲ?"

ಇಲ್ಲ, ಮಾಡುವುದಿಲ್ಲ. ನಾನು ಉಂಡು, ಎದ್ದು, ಕೈ ತೊಳೆದ ಮೇಲೆ ಅವಳದು. ಅದೂ ಅಡುಗೆಮನೆಯಲ್ಲಿ, ಒಬ್ಬಳೇ. ನಮ್ಮವ್ವನೂ ಹಾಗೇ ಮಾಡುತ್ತಿದ್ದಳು. ಮದುವೆಯಲ್ಲಿ ಭೂಮದ ಊಟಕ್ಕೆ ಇಬ್ಬರನ್ನೂ ಒಂದೇ ತಾಟಿಗೆ ಕೂಡಿಸಿದ್ದರು, ಅಷ್ಟೇ. ಆಗಲೂ ಅವಳ ಮುಖದ ಮೇಲೆ ಸೆರಗು. ಇವಳು ಒಂದು ತುತ್ತು ನುಂಗಿದ್ದನ್ನು ನಾನು ಕಣ್ಣಾರೆ ನೋಡೇ ಇಲ್ಲ. ಇದನ್ನು ಆ ಡಾಕ್ಟರಿಗೆ ಏನಂತ ಹೇಳಲಿ? ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಗೊತ್ತಿಲ್ಲ. ಬಸ್ಸಿನಲ್ಲಿ ಕಂಡಕ್ಟರನ ಜೊತೆ ಸುಮ್ಮಸುಮ್ಮನೆ ಜಗಳ ತೆಗೆದೆ.

ನವೆಂಬರ್ 8, ಶನಿವಾರ

ಕುಂದಗೋಳದಿಂದ ಅಮೃತಾಳ ಫೋನ್. ಅತ್ತಳು, ಆಮೇಲೆ ಬೈದಳು, ಆಮೇಲೆ ಹೇಳಿದಳು— "ಅಪ್ಪಾ, ಅವ್ವಗ ಏನ್ ಬೇಕ ಅನ್ನೂದರ ಕೇಳ್ರಿ. ಮೆತ್ತಗಿಂದು ಇನ್ನೂ ಇಳಿತೈತಲ್ಲ, ತಿನ್ನಿಸ್ರಿ."

ಕೇಳಿದೆ. "ನನಗೇನೂ ಬ್ಯಾಡ್ರಿ. ನಿಮಗೇನ್ ಮಾಡ್ಲಿ?" ಅಂದಳು ಗುರವ್ವ. ಯಾವಾಗಲೂ ಇದೇ ರಾಗ. ಬಿಡಲಿಲ್ಲ, ಜಬರಿಸಿ ಕೇಳಿದೆ. ಕೊನೆಗೆ ಬಾಯಿ ಬಿಟ್ಟಳು. ಹುಬ್ಬಳ್ಳಿ ಒಳಗೆ ಹೋಗುವಾಗ ಎಡಕ್ಕೆ ಒಂದು ಗಾಜಿನ ಹೋಟೆಲ್ ಇದೆ, ಬಾಗಿಲಲ್ಲಿ ಪೇಟಾ ಸುತ್ತಿದವನು ನಿಂತಿರುತ್ತಾನೆ. "ಒಳಗ ಹೆಂಗಿರ್ತೈತೋ ಅನ್ನಿಸ್ತಿತ್ರಿ, ಬಸ್ಸಿನ್ಯಾಗ ಕುಂತಾಗ."

ಎಷ್ಟು ವರ್ಷದಿಂದ ಅನ್ನಿಸುತ್ತಿತ್ತೋ! ಬಾಜೂ ಸೀಟಿನಲ್ಲೇ ಇದ್ದೆನಲ್ಲ ನಾನು.

ಅಮೃತಾಳೇ ಮೊಬೈಲಿನಲ್ಲಿ ಟೇಬಲ್ ಬುಕ್ ಮಾಡಿದಳು. ಭಾನುವಾರ ಹದಿನಾರು. ತಾನು ಬರುವುದಿಲ್ಲವಂತೆ. "ನೀವಿಬ್ರ ಹೋಗ್ರಿ. ಎದುರಾಎದುರು ಕುಂತು ಉಣ್ರಿ, ಒಮ್ಮೆರ."

ನವೆಂಬರ್ 12

ಖಾರ ಇಲ್ಲದ ಖಿಚಡಿ, ಪನೀರು, ಖೀರು— ಎಲ್ಲ ಮೊದಲೇ ಫೋನಿನಲ್ಲಿ ಹೇಳಿಟ್ಟಿದ್ದಾಳೆ ಮಗಳು. ಗುರವ್ವ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಳು. "ಯಾರ ಮದಿವಿಗೆ ಹೊಂಟಿಯಲೇ?" ಅಂದೆ. "ನಮ್ದ ಐತ್ರಿ" ಅಂದಳು. ನಕ್ಕಳು.

ನನಗೆ ಬೇರೇನೂ ಬೇಡ. ಅವಳು ಹೊಟ್ಟೆ ತುಂಬ ಉಣ್ಣುವುದನ್ನು ಒಂದು ಸಲ ನೋಡಬೇಕು.

ನವೆಂಬರ್ 16, ಭಾನುವಾರ. ಸಂಜೆ

ಬರೆಯಬಾರದು ಅನಿಸುತ್ತಿದೆ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ದಾರಿಯಲ್ಲಿ ಬಸ್ ಪಂಕ್ಚರ್. ಹೋಟೆಲ್ ಮುಟ್ಟುವುದೇ ತಡವಾಯಿತು. ಪೇಟಾದವನು ಸಲಾಮು ಹೊಡೆದ. ಗುರವ್ವ ಚಪ್ಪಲಿ ಬಾಗಿಲಲ್ಲೇ ಬಿಡಲು ಹೋದಳು, ಬೇಡ ಅಂದ. ಒಳಗೆ ಹಗಲಲ್ಲೂ ದೀಪ, ಚಳಿ ಬರುವಷ್ಟು ಎಸಿ, ಎಲ್ಲಿಂದಲೋ ಸಿತಾರ್. ಬಡಿಸುವವನು ಕುರ್ಚಿ ಎಳೆದು ಕೊಟ್ಟರೆ ಹಿಂದೆ ಸರಿದಳು. "ಅವ್ರು ಕೂಡ್ಲಿ ಮೊದ್ಲ" ಅಂದಳು. ನಾನು ಕೂತ ಮೇಲೆ ಕೂತಳು. ಇನ್ನು ಸ್ವಲ್ಪ ಹೊತ್ತಿಗೆ ಅಡುಗೆಮನೆ ಬಂದ್, ಮತ್ತೆ ಸಂಜೆಗೇ ತೆಗೆಯುವುದು ಅಂತ ಬಡಿಸುವವನು ಮೊದಲೇ ಹೇಳಿದ.

ಪುಟ್ಟ ಪುಟ್ಟ ತಾಮ್ರದ ಬಟ್ಟಲು. ಖೀರಿನ ಮೇಲೆ ಗುಲಾಬಿ ಪಕಳೆ. ಅವಳು ಅದನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದಳು. "ಹೂವ ಇಟ್ಟಾರ್ರಿ!" ಅಂದಳು. ಮುಖ ಅರಳಿತ್ತು.

"ಉಣ್ಣು" ಅಂದೆ.

"ಹೂನ್ರಿ. ನೀವು ಮಾಡ್ರಿ. ಬಾಳ ಸುಡಾಕ್ಹತ್ತೈತಿ, ಆರ್ಲಿ."

ನಂಬಿದೆ. ಗಂಟಲು ಹಾಗಿದೆಯಲ್ಲ, ಬಿಸಿ ಆಗುವುದಿಲ್ಲ ಅಂದುಕೊಂಡೆ.

ಬೆಳಗಿನಿಂದ ಹಸಿದಿದ್ದೆ. ಒಮ್ಮೆ ತಲೆ ಬಗ್ಗಿಸಿದರೆ ತಾಟು ಖಾಲಿಯಾಗುವ ತನಕ ಎತ್ತುವ ಪೈಕಿ ಅಲ್ಲ ನಾನು. ನಡುವೆ ಅವಳ ಕೈ ಬಂತು, ಪನೀರಿನ ಬಟ್ಟಲು ಹಿಡಿದು. "ಇನ್ನೊಂದೀಟು ಹಾಕ್ಲ್ಯಾ?" ಅಲ್ಲೂ ಬಡಿಸಿದಳು! ನಾನೂ ಕತ್ತೆಯ ಹಾಗೆ ಹಾಕಿಸಿಕೊಂಡೆ. ಉಂಡೆ. ನೋಡಬೇಕು ಅಂತ ಹೋದವನು ನೋಡಲೇ ಇಲ್ಲ. ಎದ್ದು ಕೈ ತೊಳೆಯಲು ಹೋದೆ.

ತಿರುಗಿ ಬಂದರೆ ಮೇಜು ಖಾಲಿ. ಬಿಳಿ ಬಟ್ಟೆಯ ಮೇಲೆ ಬಡೆಸೋಪು ಮಾತ್ರ. ಗುರವ್ವ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಇಷ್ಟ್ ಲಗೂ ಉಂಡಿ?"

"ಇಲ್ರಿ. ನೀವು ಎದ್ರಲ್ಲ... ಆವಾಗ ತಾಟ ಹತ್ರ ಎಳಕೊಂಡೆ. ನೀವು ಎದ್ದಿದ್ದ ನೋಡಿ ಊಟ ಮುಗೀತು ಅಂತ ತಿಳದಾನ ಆ ಬಡಸಾಂವ. ಎಲ್ಲಾ ತೊಗೊಂಡ ಹೋದ."

"ಬ್ಯಾಡ ಅನ್ನಾಕ ಬಾಯಿ ಇದ್ದಿಲ್ಲೇನು?" ಒದರಿಬಿಟ್ಟೆ. ಆಚೀಚೆ ಮೇಜಿನವರು ಚಮಚ ಹಿಡಿದ ಹಾಗೇ ತಿರುಗಿ ನೋಡಿದರು.

"ಸಾವಕಾಶ ಮಾತಾಡ್ರಿ, ಮಂದಿ ನೋಡಾಕ್ಹತ್ತಾರ. ನಂದಿನ್ನೂ ಆಗಿಲ್ಲ ಅಂತ ಇಷ್ಟ್ ಮಂದ್ಯಾಗ ನಾ ಹೆಂಗ್ ಹೇಳ್ಲಿ?"

ಆಗ ತಿಳಿಯಿತು. ಬಿಸಿ ಗಿಸಿ ಎಲ್ಲ ನೆವ. ನಾನು ಉಂಡು ಏಳುವುದನ್ನು ಕಾಯುತ್ತಿದ್ದಳು, ಮನೆಯಲ್ಲಿ ಕಾಯುವಂತೆಯೇ. ಇದು ಹೋಟೆಲ್ ಐತಿ, ನನ್ನ ಕೂಡೇ ಉಣ್ಣಲೇ ಹುಚ್ಚಿ ಅಂತ ಹೇಳುವುದು ನನಗೂ ಹೊಳೆಯಲಿಲ್ಲ.

ಮ್ಯಾನೇಜರನನ್ನು ಕರೆಸಿದೆ. ಕೂಗಾಡಿದೆ. ಪಾಪ, ಕೈ ಮುಗಿದ. ಒಲೆ ಆರಿಸಿದ್ದಾರೆ, ಅಡುಗೆಯವರು ಹೋಗಿದ್ದಾರೆ, ಒಯ್ದದ್ದು ಕಸದ ಡಬ್ಬಿಗೆ ಹೋಗಿದೆ. ಐಸ್‌ಕ್ರೀಮ್ ಕಳಿಸಿದ. ಅವಳು ಬಟ್ಟಲನ್ನು ನನ್ನ ಕಡೆ ಸರಿಸಿದಳು. "ತಣ್ಣಂದು ನನಗ ಇಳಿಯಂಗಿಲ್ರಿ. ನೀವು ತಿನ್ರಿ." ನಾನೂ ಮುಟ್ಟಲಿಲ್ಲ. ಅದು ಕರಗಿದ ಮೇಲೆ ಎದ್ದೆವು.

ಬಸ್ಸಿನಲ್ಲಿ ಅವಳೇ ನನ್ನನ್ನು ಸಮಾಧಾನ ಮಾಡಿದಳು. "ಹೋಟ್ಲ್ ಅಗದಿ ಚಲೋ ಇತ್ತು. ನೀವು ಖುಷಿಲೆ ಉಂಡ್ರಿ. ನಾ ನೋಡಿದ್ನಲ್ಲ."

ಈಗ ಅಮೃತಾ ಫೋನ್ ಮಾಡಿದ್ದಳು. "ಅವ್ವ ಉಂಡಳೇನಪ್ಪಾ?" "ಹೂನವಾ, ಹೊಟ್ಟಿ ತುಂಬ ಉಂಡಳು" ಅಂದೆ.

ನವೆಂಬರ್ 17, ಸೋಮವಾರ

ನಾಳೆ ಬೆಳಿಗ್ಗೆ ಅಡ್ಮಿಟ್. ಅಂಗಡಿ ತೆಗೆಯಲಿಲ್ಲ. ನಾನೇ ಗಂಜಿ ಕಾಯಿಸಿದೆ, ತಳ ಹತ್ತಿತು. ಮೇಲಿನದು ತೆಗೆದು ಅವಳ ಮುಂದಿಟ್ಟೆ. "ಇವತ್ತ ನೀ ಮೊದ್ಲ ಉಣ್ಣು, ನಾ ನೋಡ್ತೀನಿ" ಅಂದೆ. ಮುದಿ ವಯಸ್ಸಿನಲ್ಲಿ ಏನು ನಾಚಿಕೆಯೋ, ಗೋಡೆಗೆ ಮುಖ ಮಾಡಿ ಕೂತಳು. ನನಗೆ ಕಂಡದ್ದು ಬೆನ್ನು ಮಾತ್ರ.

ಒಂದು ಚಮಚ ಹೋಯಿತು. ಎರಡನೆಯದು ತಿರುಗಿ ಬಂತು. ಆಮೇಲೆ ನೀರೂ ಇಳಿಯಲಿಲ್ಲ. ಬೆನ್ನು ನೀವಿದೆ.

ನಿನ್ನೆ ಇಳಿಯುತ್ತಿತ್ತೇನೋ... ಇಳಿಯುತ್ತಿತ್ತು. ನಿನ್ನೆ ಬೆಳಿಗ್ಗೆ ಹಾಲು ಕುಡಿದಿದ್ದಳು.

ನವೆಂಬರ್ 27

ಆಸ್ಪತ್ರೆ. ಪೈಪ್ ಹಾಕಿದ ಕಡೆ ಕೀವಾಗಿತ್ತು, ಈಗ ಕಡಿಮೆ. ಬರೆಯಲು ಕೈ ಬರುತ್ತಿಲ್ಲ.

ಡಿಸೆಂಬರ್ 2, ಮಂಗಳವಾರ. ಸಂಜೆ

ಅಣ್ಣಿಗೇರಿಗೆ, ನಮ್ಮ ಮನೆಗೆ ಬಂದೆವು. ಕರೆಂಟ್ ಕೊಡುವುದು ಮುಂದಿನ ವಾರದಿಂದ. ಪೈಪಿಗೆ ಊಟ ಹಾಕುವುದನ್ನು ನರ್ಸ್ ನನಗೇ ಕಲಿಸಿದ್ದಾಳೆ. ಬೇಳೆ, ಅಕ್ಕಿ ಕುದಿಸಿ, ಅರೆದು, ಸೋಸಿ, ದೊಡ್ಡ ಸಿರಿಂಜಿನಲ್ಲಿ ನಿಧಾನ ಬಿಡಬೇಕು. ಮೋಟಾರು ಬಿಚ್ಚುವ ಕೈಗೆ ಇದೇನು ಮಹಾ ಅಂದುಕೊಂಡಿದ್ದೆ.

ಮಧ್ಯಾಹ್ನ ಸಿರಿಂಜ್ ತುಂಬಿಕೊಂಡು ಮಂಚದ ಬಾಜೂ ಕೂತೆ. ಪೈಪಿಗೆ ಒಂದು ಕ್ಲಿಪ್ ಇದೆ. ತೆಗೆಯಲು ಹೋದರೆ ಗುರವ್ವ ಅದರ ಮೇಲೆ ಕೈ ಇಟ್ಟಳು.

"ನಿಮ್ದಾತೇನ್ರಿ?" ದನಿಯೇ ಇಲ್ಲ, ಬರೀ ಉಸಿರು.

"ಆತು" ಅಂದೆ.

ನನ್ನ ಬಲಗೈ ಎಳೆದು ಮೂಸಿದಳು. ಸೋಪಿನ ವಾಸನೆ ಬಿಟ್ಟರೆ ಏನೂ ಇಲ್ಲ. ತಲೆ ಅಲ್ಲಾಡಿಸಿದಳು. ಬೈದೆ. ರಮಿಸಿದೆ. ನಿನ್ನ ಕಾಲು ಹಿಡೀಲೇನು ಅಂದೆ. ಕ್ಲಿಪ್ ಬಿಡಲಿಲ್ಲ ಪುಣ್ಯಾತ್ಗಿತ್ತಿ. "ಎಂದರ ನಿಮ್ಮಕಿಂತ ಮೊದ್ಲ ಉಂಡೀನೇನ್ರಿ?"

ಬಾಜೂ ಮನೆಯ ಅನ್ನವ್ವ ರೊಟ್ಟಿ, ಪುಂಡಿಪಲ್ಯ ಕೊಟ್ಟುಹೋಗಿದ್ದಳು. ತಾಟು ತಂದು ಅವಳೆದುರೇ ಕೂತೆ. ಈ ಸಲ ತಲೆ ಬಗ್ಗಿಸಲಿಲ್ಲ. ನಾನು ಅಗಿಯುವಾಗ ಅವಳ ದವಡೆಯೂ ಆಡುತ್ತಿತ್ತು. ನಾನು ನುಂಗಿದರೆ ಅವಳೂ ನುಂಗುತ್ತಿದ್ದಳು. ಬಾಯಲ್ಲಿ ಏನೂ ಇಲ್ಲ. ಸಾಕು ಅಂತ ಎದ್ದರೆ, ಇನ್ನೊಂದು ರೊಟ್ಟಿ ತಗೊಳ್ಳಿ ಅಂತ ಕೈ ಮಾಡಿ ತೋರಿಸಿದಳು. ತಗೊಂಡೆ. ಕೈ ತೊಳೆದು ಬಂದ ಮೇಲೆ ಕ್ಲಿಪ್ ಬಿಟ್ಟಳು. ಅಷ್ಟರಲ್ಲಿ ಅವಳ ಗಂಜಿ ಆರಿತ್ತು, ಮತ್ತೆ ಬಿಸಿ ಮಾಡಿದೆ.

ಈಗ ಮತ್ತೆ ಹೊತ್ತಾಯಿತು. ಒಳಗಿಂದ ಮಂಚ ತಟ್ಟುತ್ತಿದ್ದಾಳೆ, ಊಟಕ್ಕೆ ಏಳಿ ಅಂತ. ಅವಳದಲ್ಲ, ನನ್ನದು. ಹಸಿವಿಲ್ಲ. ಆದರೆ ನಾನು ಲಗೂ ಉಂಡರೆ ಅವಳಿಗೆ ಲಗೂ ಸಿಗುತ್ತದೆ. ಏಳುತ್ತೇನೆ.