ಗಾಜಿನಾಚೆ ಕೂತವರು

ಛತ್ರಪತಿ ಸಂಭಾಜಿನಗರ
೮ ಡಿಸೆಂಬರ್ ೨೦೨೪

ನನ್ನ ರೂಪಾಗೆ, ತಲೆಯ ಮೇಲೆ ಕೈಯಿಟ್ಟು ಅವ್ವ ಮಾಡುವ ಆಶೀರ್ವಾದ.

ಮೆಕ್ಸಿಕೋದಿಂದ ಬಂದು ಇಷ್ಟು ದಿನವಾದರೂ ನಿನ್ನ ಹತ್ತಿರ ನೆಟ್ಟಗೆ ಮಾತಾಡಿಲ್ಲ, ಸಿಟ್ಟಾಗಬೇಡ. ನೀನು ಫೋನ್ ಮಾಡಿದಾಗಲೆಲ್ಲ ಸುಸ್ತು ಎಂದು ಇಟ್ಟುಬಿಟ್ಟೆ. ಸುಸ್ತು ಸುಳ್ಳಲ್ಲ, ಕಾಲಿನ ಬಾವು ಇನ್ನೂ ಇಳಿದಿಲ್ಲ. ಆದರೆ ಫೋನಿನಲ್ಲಾದರೆ ನೀನು ಅವಸರ ಮಾಡುತ್ತೀ, ನನಗೆ ಅಳು ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಈ ಕಾಗದ. ಬೇಸಿಗೆ ರಜೆಯಲ್ಲಿ ಗದರಿಸಿ ಗದರಿಸಿ ಕಲಿಸಿದ ಕನ್ನಡ ಅಕ್ಷರ ಮರೆತಿಲ್ಲ ಎಂದುಕೊಂಡಿದ್ದೇನೆ. ಕೂಡಿಸಿಕೊಂಡು ನಿಧಾನವಾಗಿ ಓದು. ಉತ್ತರ ಮರಾಠಿಯಲ್ಲಿ ಬರೆದರೂ ನಡೆಯುತ್ತದೆ.

ನೀನು ಕೇಳಿದ್ದು ಒಂದೇ ಮಾತು. ಜನವರಿಗೆ ಅಪ್ಪ ಹೋಗಿ ವರ್ಷ ತುಂಬುತ್ತದೆ, ನಾಶಿಕದ ರಾಮಕುಂಡದಲ್ಲಿ ವರ್ಷಶ್ರಾದ್ಧ ಮಾಡಿಸಲು ನಿನ್ನ ಅತ್ತೆಯವರು ಗುರುಜಿಗೆ ಹೇಳಿಟ್ಟಿದ್ದಾರೆ, ಅವ್ವ ಬಂದು ಕೂರುತ್ತಾಳೋ ಇಲ್ಲವೋ ಎಂದು. ಅದಕ್ಕೆ ಉತ್ತರ ಕೊಡದೆಯೇ ನಾನು ವಿಮಾನ ಹತ್ತಿದೆ. ಈಗ ಕೊಡುತ್ತೇನೆ. ಮೊದಲು ಅಲ್ಲಿಯ ಸುದ್ದಿ ಕೇಳು, ಇಲ್ಲದಿದ್ದರೆ ನೀನೂ ಅಳಿಯ ಉತ್ಕರ್ಷರೂ ಕಳಿಸಿದ್ದು ದಂಡವಾಯಿತು ಎಂದುಕೊಳ್ಳುತ್ತೀರಿ.

ಗಾಳಿ ಬದಲಾದರೆ ಅವ್ವನ ಮನಸ್ಸು ಹಗುರಾಗುತ್ತದೆ ಎಂದು ಕಳಿಸಿದಿರಿ. ಗಾಳಿಯೇನೋ ಬದಲಾಯಿತು. ಮೆಕ್ಸಿಕೋ ನಗರ ಅಷ್ಟು ಎತ್ತರದಲ್ಲಿದೆಯಂತೆ, ನಾಲ್ಕು ಹೆಜ್ಜೆಗೆ ಏದುಸಿರು. ದೊಡ್ಡ ಚೌಕದಲ್ಲಿ ದೊಡ್ಡ ಚರ್ಚು. ಕೆಳಗಿನ ನೆಲ ಮೆತ್ತಗಿದ್ದು ಅದು ಒಂದು ಕಡೆ ವಾಲಿದೆ. ಅದನ್ನು ನೋಡುತ್ತಾ ನಾನೂ ಸೊಂಟ ಹಿಡಿದು ಒಂದು ಕಡೆಗೆ ವಾಲಿಕೊಂಡೇ ನಿಂತಿದ್ದೆ. ಅರಮನೆಯ ಮೆಟ್ಟಿಲ ಗೋಡೆಯ ತುಂಬ ಚಿತ್ರ: ಯುದ್ಧ, ಕುದುರೆ, ಕೂಲಿಯವರು, ದೊರೆಗಳು. ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ಹಿಡಿಯಿತು. ಪಿರಮಿಡ್ಡಿನ ಹತ್ತಿರ ಎಲ್ಲರೂ ಬಿಸಿಲಲ್ಲಿ ಸುತ್ತುತ್ತಿದ್ದರೆ ನಾನು ಛತ್ರಿ ಹಿಡಿದು ಕೆಳಗೆ ಕೂತುಬಿಟ್ಟೆ. ಬಂದ ನೆಂಟರನ್ನೆಲ್ಲ ನಿಮ್ಮಪ್ಪ ವೇರೂಳಿನ ಎಲ್ಲೋರಾ ಗುಹೆಗಳಿಗೆ ಎಳೆದುಕೊಂಡು ಹೋಗುತ್ತಿದ್ದರಲ್ಲ, ಜತೆಗೆ ನಾನೂ ಬುತ್ತಿ ಹೊತ್ತು. ಕಲ್ಲು ನೋಡುವ ಕೋಟಾ ನನ್ನದು ಆಗಲೇ ಮುಗಿದಿತ್ತು.

ನಮ್ಮ ಪ್ರವಾಸದ ಗುಂಪಿನಲ್ಲಿ ಕನ್ನಡದವರೆಂದರೆ ಸರೋಜಿನಿಯವರು ಒಬ್ಬರೇ. ನಾಶಿಕದ ಹತ್ತಿರ ಘೋಟಿಯಲ್ಲಿ ಗಂಡ ಹೆಂಡತಿ ಸಸ್ಯಾಹಾರಿ ಹೋಟೆಲ್ ನಡೆಸುತ್ತಾರೆ, ಊರು ಕುಂದಾಪುರದ ಕಡೆ. ಅವರ ಕನ್ನಡ ನನಗೆ, ನನ್ನದು ಅವರಿಗೆ ಮೊದಲೆರಡು ದಿನ ಸರಿಯಾಗಿ ತಿಳಿಯಲಿಲ್ಲ, ಇಬ್ಬರೂ ಮರಾಠಿಯಲ್ಲಿ ಮಾತಾಡಿದೆವು. ಆಮೇಲೆ ಒಂದೇ ಕೋಣೆಯಾಯಿತು. ಹೋದಲ್ಲೆಲ್ಲ ಆಕೆ ಅಡಿಗೆಮನೆಗೆ ಇಣುಕಿ, ಮೆಕ್ಕೆಜೋಳದ ರೊಟ್ಟಿ ಹೇಗೆ ಬೇಯಿಸುತ್ತಾರೆ ಎಂದು ನೋಡಿ ಬಂದು ನನಗೆ ವರದಿ ಒಪ್ಪಿಸುತ್ತಿದ್ದರು.

ಒಬ್ಬ ಹೆಸರಾಂತ ಚಿತ್ರಕಲಾವಿದೆಯ ಮನೆಗೆ ಕರೆದುಕೊಂಡು ಹೋದರು. ಮನೆಗೆಲ್ಲ ನೀಲಿ ಬಣ್ಣ. ಆಕೆ ನೋವಿನಲ್ಲಿ ಮಲಗಿದ್ದ ಮಂಚ, ಮೇಲೆ ಕನ್ನಡಿ, ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ ಪಟ್ಟಿಗಳು. ಅದೆಲ್ಲ ನೋಡಿ ಅಯ್ಯೋ ಅನ್ನಿಸಿತು. ಆಕೆಯನ್ನು ಸುಟ್ಟ ಬೂದಿಯೂ ಆ ಮನೆಯಲ್ಲೇ ಒಂದು ಪಾತ್ರೆಯಲ್ಲಿದೆ ಎಂದರು. ಎಲ್ಲರೂ ಫೋಟೋ ತೆಗೆಯಲು ಮುಂದೆ ನುಗ್ಗಿದರು. ನಾನು ಅಂಗಳಕ್ಕೆ ಹೋಗಿ ಬೆಂಚಿನ ಮೇಲೆ ಕೂತೆ. ಬೂದಿ ಎಂಬ ಮಾತು ಕೇಳಿದರೆ ನನಗೆ ಈಗ ಆಗುವುದಿಲ್ಲ.

ಅಲ್ಲಿಂದ ಬಸ್ಸಿನಲ್ಲಿ ಪುಯೆಬ್ಲಾ, ಮತ್ತೆ ಓಹಾಕಾ. ಓಹಾಕಾದಲ್ಲಿ ಒಂದು ಸಣ್ಣ ಮ್ಯೂಸಿಯಂ. ಮಡಕೆ, ಮಣ್ಣಿನ ಗೊಂಬೆ, ಮತ್ತೆ ಮಡಕೆ. ಇನ್ನು ಸಾಕು ಎಂದು ಹೊರಡುವಾಗ ಮೂಲೆಯಲ್ಲಿ ಗಾಜಿನಾಚೆ ಒಬ್ಬರು ಕೂತಿದ್ದರು. ಬರೀ ಎಲುಬು, ಆದರೆ ಕೂತಿದ್ದರು ರೂಪಾ. ಮೊಣಕಾಲು ಎದೆಗೆ ಮಡಿಸಿ, ತಲೆ ಸ್ವಲ್ಪ ಬಾಗಿಸಿ, ಪಕ್ಕದಲ್ಲಿ ಒಂದು ಸಣ್ಣ ಗಡಿಗೆ. ಬಹಳ ಹಿಂದೆ ಅಲ್ಲಿಯವರು ಸತ್ತವರನ್ನು ಹಾಗೆ ಕೂರಿಸಿ ಹೂಳುವುದಿತ್ತು ಎಂದು ಗೈಡ್ ಹೇಳಿ ಮುಂದೆ ಹೋದಳು. ನಾನು ಹೋಗಲಿಲ್ಲ.

ಎಲ್ಲರೂ ಬಸ್ಸು ಹತ್ತಿದ ಮೇಲೆ ಸರೋಜಿನಿ ಹುಡುಕಿಕೊಂಡು ಬಂದರು. ಎಂತ ನೋಡ್ತಾ ನಿಂತಿದ್ದೀರಿ ಎಂದರು.

“ನಮ್ಮಲ್ಲಿನೂ ಹಿಂಗ ಕೂಡಸ್ತಾರ್ರಿ,” ಎಂದೆ. “ನಮ್ಮ ಮನೆಯವರಿಗೆ ಕೂಡಸಲಿಲ್ಲ. ಸುಟ್ಟರು.”

ಮಗಳಿಗೆ ಹೇಳಿದ್ದೀರಾ ಎಂದು ಆಕೆ ಕೇಳಿದರು. ಹೇಗೆ ಹೇಳಲಿ, ಅವಳು ಒಳ್ಳೆಯದೆಂದೇ ಮಾಡಿದಳು ಎಂದೆ.

“ಹೇಳದಿದ್ರೆ ನಾಳೆ ಮಗಳು ನಿಮಗೂ ಅದನ್ನೇ ಮಾಡ್ತಾಳೆ ಮಾರಾಯ್ರೆ, ಒಳ್ಳೇದು ಅಂತ್ಲೇ.”

ಅದಕ್ಕೇ ಹೇಳುತ್ತಿದ್ದೇನೆ. ನಾವು ಸತ್ತವರನ್ನು ಸುಡುವವರಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪದ್ಮಾಸನದಲ್ಲಿ ಕೂರಿಸಿ ಮಣ್ಣಿಗೆ ಒಪ್ಪಿಸುತ್ತೇವೆ. ಪಿಂಡವಿಲ್ಲ, ಶ್ರಾದ್ಧವಿಲ್ಲ. ನಿನಗೆ ಇದು ಹೇಗೆ ಗೊತ್ತಿರಬೇಕು? ಭಾಲ್ಕಿಯಲ್ಲಿ ಅಜ್ಜ ಹೋದಾಗ ನಿನಗೆ ಪರೀಕ್ಷೆ, ಅಜ್ಜಿ ಹೋದಾಗ ನೀನು ಬಸುರಿ. ಅಪ್ಪ ಮೊಮ್ಮಗನನ್ನು ನೋಡಿಬರುತ್ತೇನೆ ಎಂದು ನಾಶಿಕಕ್ಕೆ ಬಂದು ನಿನ್ನ ಮನೆಯಲ್ಲೇ ಕಣ್ಣು ಮುಚ್ಚಿದರು. ನಾನಿಲ್ಲಿ ಮೊಣಕಾಲಿನ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ. ಅವ್ವನಿಗೆ ಈಗಲೇ ಹೇಳಬೇಡಿ ಎಂದು ಡಾಕ್ಟರು ಹೇಳಿದರು, ನೀನು ಹೇಳಲಿಲ್ಲ. ಉತ್ಕರ್ಷ ಮಗನ ಜಾಗದಲ್ಲಿ ನಿಂತು, ತಲೆ ಬೋಳಿಸಿಕೊಂಡು, ಗೋದಾವರಿ ದಂಡೆಯಲ್ಲಿ ಬೆಂಕಿ ಕೊಟ್ಟರು. ಯಾವ ಅಳಿಯ ಮಾಡುತ್ತಾನೆ ಹಾಗೆ? ಅವರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಆದರೆ ಭಾಲ್ಕಿಯಿಂದ ನಿನ್ನ ಕಾಕಾ ಸಂಗಮನಾಥ ನಾಶಿಕಕ್ಕೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲಿಂದ ನೇರ ನನ್ನ ಹಾಸಿಗೆಯ ಹತ್ತಿರ ಬಂದು ನಿಂತ. “ವೈನಿ, ನಮ್ಮ ಅಣ್ಣಗ ಹಿಡಿ ಮಣ್ಣು ಹಾಕೋದೂ ನನಗ ಸಿಗಲಿಲ್ಲರಿ,” ಎಂದ. ಆಮೇಲೆ ಈ ಮನೆಗೆ ಬಂದಿಲ್ಲ. ಯಾಕೆ ಬರುವುದಿಲ್ಲ ಎಂದು ನೀನು ಕೇಳಿದಾಗ ತೊಗರಿ ರಾಶಿ ಇದೆ ಎಂದೆ. ವರ್ಷವಿಡೀ ಯಾರೂ ತೊಗರಿ ರಾಶಿ ಮಾಡುವುದಿಲ್ಲ.

ಹಾಗಾಗಿ ರಾಮಕುಂಡಕ್ಕೆ ನಾನು ಬರುವುದಿಲ್ಲ. ನಿನ್ನ ಅತ್ತೆಯವರಿಗೆ ಬೇಜಾರಾಗದ ಹಾಗೆ ತಿಳಿಸಿ ಹೇಳು, ಅವರು ನಮ್ಮವರಿಗಾಗಿ ಇಷ್ಟು ಮರುಗಿದ್ದೇ ದೊಡ್ಡದು. ವರ್ಷದ ದಿನ ನೀವೇ ಇಲ್ಲಿಗೆ ಬನ್ನಿ. ಮಠದಿಂದ ಅಯ್ಯನವರನ್ನು ಕರೆದು ಪೂಜೆ ಮಾಡಿಸಿ, ಹತ್ತು ಜನಕ್ಕೆ ಊಟಕ್ಕೆ ಹಾಕೋಣ. ಸಂಗಮನಾಥನಿಗೆ ನೀನೇ ಫೋನ್ ಮಾಡು, ತಪ್ಪು ತಪ್ಪು ಕನ್ನಡದಲ್ಲೇ ಕರೆ. ಮಗಳು ಕರೆದರೆ ಬಂದಾನು.

ಮತ್ತೆ ನನ್ನ ವಿಷಯ. ನಾನು ಎಲ್ಲೇ ಹೋಗಲಿ, ಇಲ್ಲಿಯ ನಮ್ಮ ರುದ್ರಭೂಮಿಗೆ ತಂದು ಕೂರಿಸಿ. ಓಹಾಕಾದಲ್ಲಿ ಕೂತವರಿಗೂ ನೆಮ್ಮದಿಯಿಲ್ಲ, ಅಗೆದು ತೆಗೆದು ಟಿಕೆಟ್ ಹಚ್ಚಿದ್ದಾರೆ. ಆದರೂ ನನಗೆ ಅದೇ ಬೇಕು. ಓದುತ್ತಾ ಅಳಬೇಡ. ಬದುಕಿದ್ದಾಗಲೇ ಹೇಳಬೇಕಾದ ಮಾತು ಇದು, ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ.

ಉತ್ಕರ್ಷರಿಗೆ, ಪುಟ್ಟನಿಗೆ ಆಶೀರ್ವಾದ. ನಿನ್ನ ಸಂಸಾರ ತಣ್ಣಗಿರಲಿ, ನಿನ್ನ ಕೈ ಸದಾ ತುಂಬಿರಲಿ ಮಗಳೇ.

ನಿನ್ನ ಅವ್ವ,
ಕಾಶಿಬಾಯಿ

ತಾ.ಕ.: ಇಷ್ಟೆಲ್ಲ ಬರೆದರೂ ಕೇಳಬೇಕಾದ್ದು ಇನ್ನೂ ಕೇಳಿಲ್ಲ. ಅಪ್ಪನ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇತ್ತಲ್ಲ, ನೀನು ಚಿಕ್ಕವಳಿದ್ದಾಗ ಎಳೆದಾಡುತ್ತಿದ್ದೆ. ಅದರೊಳಗೆ ಅವರ ಲಿಂಗ ಇತ್ತು. ಹುಟ್ಟಿದಾಗ ಕಟ್ಟಿದ್ದು. ಕೊನೆಗೆ ಅದನ್ನು ಎಡ ಅಂಗೈಯಲ್ಲಿಟ್ಟು ಮಣ್ಣು ಮಾಡುತ್ತೇವೆ. ನೀನು ನನ್ನ ಕೈಗೆ ಅವರ ವಾಚು ಕೊಟ್ಟೆ, ಕನ್ನಡಕ ಕೊಟ್ಟೆ, ಅದನ್ನು ಕೊಡಲಿಲ್ಲ. ಯಾರಾದರೂ ತೆಗೆದಿಟ್ಟರೋ, ಕೊರಳಲ್ಲೇ ಇದ್ದು ಬೆಂಕಿಗೆ ಹೋಯಿತೋ? ಹೋಗಿದ್ದರೆ ಹೋಗಿದೆ ಎಂದೇ ಬರಿ, ತಡೆದುಕೊಳ್ಳುತ್ತೇನೆ. ಗೊತ್ತಿಲ್ಲ ಎಂದು ಮಾತ್ರ ಬರೆಯಬೇಡ.