ನಾನು ಬೆರಳು ಮಾಡಿದ ಜಾಗ

ಲಷ್ಕರ್ ಮೊಹಲ್ಲಾ, ಮೈಸೂರು
೭ ಸೆಪ್ಟೆಂಬರ್ ೨೦೦೪, ಮಂಗಳವಾರ

ಅವ್ವನಿಗೆ ಅಕ್ಷತಾಳ ಶರಣು.

ನೀನು ಅಕ್ಕನ ಬಾಣಂತನಕ್ಕೆ ಗುಂಡ್ಲುಪೇಟೆಗೆ ಹೋಗಿ ಇವತ್ತಿಗೆ ಇಪ್ಪತ್ತಮೂರು ದಿನ. ಸರೋಜಕ್ಕ ಎದ್ದು ಓಡಾಡುತ್ತಿದ್ದಾಳೆ, ಮಗುವಿಗೆ ತಮ್ಮದೇ ಮೂಗು ಬಂದಿದೆ ಎಂದು ಭಾವ ಫೋನಿನಲ್ಲಿ ಹೇಳಿದರು. ಹಾಗಿದ್ದರೆ ಪಾಪ ಮಗು. ಇದನ್ನು ಅಕ್ಕನಿಗೆ ಓದಿ ಹೇಳಬೇಡ. ಈ ಕಾಗದವನ್ನೇ ಯಾರಿಗೂ ಓದಿ ಹೇಳಬೇಡ. ಫೋನು ಮಾಡೋಣ ಎಂದು ಎರಡು ಸಲ ಬೂತಿಗೆ ಹೋಗಿ ನಂಬರು ಒತ್ತಿ ಇಟ್ಟುಬಿಟ್ಟೆ. ಅವರ ಮನೆಯ ಫೋನು ನಡುಮನೆಯಲ್ಲಿದೆ, ನೀನು ಮಾತಾಡಿದರೆ ಮನೆಯವರೆಲ್ಲ ಕಿವಿಯಾಗುತ್ತಾರೆ. ಈ ವಿಷಯ ಹಾಗೆ ಆಡುವಂಥದ್ದಲ್ಲ.

ಮೊದಲು ಕೆಲಸದ ಮಾತು. ‘ತೀರವಾಸ’ ಬಡಾವಣೆಯವರ ಹದಿನೇಳನೇ ನಂಬರಿನ ಮನೆಗೆ ಮುಂಗಡ ಕಟ್ಟಲು ಇಪ್ಪತ್ತನೇ ತಾರೀಖು, ಸೋಮವಾರ, ಕಡೇ ದಿನ. ನೀನು ಸಹಿ ಹಾಕಿಟ್ಟ ಚೆಕ್ಕು ಬೀರುವಿನಲ್ಲಿ ಹಾಗೇ ಇದೆ. ನಾನು ಕಟ್ಟಿಲ್ಲ. ಯಾಕೆ ಕಟ್ಟಿಲ್ಲ ಎನ್ನುವುದನ್ನು ಹೇಳುವುದಕ್ಕೇ ಈ ಕಾಗದ.

ನೀನು ಊಹಿಸುತ್ತಿರುವ ಕಾರಣ ಅಲ್ಲ. ಆ ಬಡಾವಣೆಯ ವಿರುದ್ಧ ನಾನು ಕರಪತ್ರ ಬರೆದವಳು, ಶ್ರೀರಾಂಪುರದಿಂದ ಅಶೋಕಪುರಂವರೆಗೆ ಮನೆಮನೆಗೆ ಹಂಚಿದವಳು, ತಕರಾರು ಅರ್ಜಿಯಲ್ಲಿ ಮೊದಲ ಸಹಿ ಹಾಕಿದವಳು, ಎಲ್ಲಾ ನಿಜ. ಕೆರೆಯ ಅಂಚನ್ನು ಮಣ್ಣು ತುಂಬಿ ಮೇಲೆತ್ತಿ, ಅದರ ಮೇಲೆ ಮನೆ ಕಟ್ಟಿ, ‘ನೀರಿನ ಪಕ್ಕದ ನೆಮ್ಮದಿ’ ಎಂದು ಮಾರುವುದು ಕಳ್ಳತನ ಎಂದು ಈಗಲೂ ಹೇಳುತ್ತೇನೆ. ಆದರೆ ಹೇಳುವುದಕ್ಕೆ ಈಗ ಗಂಟಲಿಲ್ಲ ಅವ್ವ. ಹೋದ ಭಾನುವಾರ ನಮ್ಮ ಸಮಿತಿಯ ಸಭೆಗೆ ನಾಲ್ಕು ಜನ ಬಂದಿದ್ದರು. ಅದರಲ್ಲಿ ಶಾಮಣ್ಣ ಮೇಷ್ಟ್ರು ನಿದ್ದೆ ಮಾಡಿದರು, ಬಸವರಾಜು ತನ್ನ ತಂಗಿಯ ಮದುವೆಗೆ ಛತ್ರ ಹುಡುಕಿಕೊಡಿ ಎಂದು ಕೇಳಿದ. ಹಂಚದೆ ಉಳಿದ ಕರಪತ್ರದ ಕಟ್ಟುಗಳು ಅಪ್ಪನ ಅಚ್ಚಿನ ಮೆಷಿನ್ನಿನ ಪಕ್ಕದಲ್ಲಿ ಬಿದ್ದಿವೆ. ಕೆಳಗಿನ ಕಟ್ಟಿಗೆ ಗೆದ್ದಲು ಹಿಡಿದಿದೆ. ಮೊನ್ನೆ ನೋಡಿದೆ, ತೆಗೆಯಲು ಕೈ ಬರಲಿಲ್ಲ.

ನಿನಗೆ ಬೇಸರ ತರಿಸುವುದಕ್ಕೆ ಇದನ್ನೆಲ್ಲ ಬರೆಯುತ್ತಿಲ್ಲ. ಅಪ್ಪನ ಪ್ರೆಸ್ಸಿನಲ್ಲಿ ಕೂತು ಮಡಚುತ್ತಾ ಮಡಚುತ್ತಾ ಕರಪತ್ರ ಓದಿ ದೊಡ್ಡವಳಾದವಳು ನಾನು. ಒಂದು ವಾರ ರೈತಸಂಘದ್ದು, ಇನ್ನೊಂದು ವಾರ ಮಠದ್ದು, ಮತ್ತೊಂದು ವಾರ ವಿಚಾರವಾದಿಗಳದ್ದು. ಮದುವೆ ಕಾರ್ಡಿನಲ್ಲಿ ಬಿಟ್ಟರೆ ಜಗತ್ತಿನಲ್ಲಿ ಎಲ್ಲಾ ಕಡೆ ಅನ್ಯಾಯವೇ ಇದೆ ಎಂದು ಹತ್ತು ವರ್ಷಕ್ಕೇ ನನಗೆ ತಿಳಿದುಹೋಗಿತ್ತು. ಅಪ್ಪ ಮೊಳೆ ಜೋಡಿಸುತ್ತಾ ನಗುತ್ತಿದ್ದರು. “ಇವೆಲ್ಲಾ ದುಡ್ಡು ಕೊಟ್ಟು ಅಚ್ಚು ಹಾಕ್ಸಿರೋದು ಕಣೇ, ಅಷ್ಟೊಂದು ನಂಬ್ಬೇಡ” ಎನ್ನುತ್ತಿದ್ದರು. ನಾನು ನಂಬಿದೆ.

ಈಗ ಆಗಸ್ಟ್ ಮೊದಲ ವಾರದ ಆ ಮಧ್ಯಾಹ್ನಕ್ಕೆ ಬರುತ್ತೇನೆ. ಪೇಪರಿನಲ್ಲಿ ಆ ಬಡಾವಣೆಯ ಜಾಹೀರಾತು ಬಂದ ದಿನ ನೀನು ಅದನ್ನು ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಮೂರು ದಿನ ಬಿಟ್ಟು ಹೇಳಿದೆ: “ನಿಮ್ಮಪ್ಪ ಮಣ್ಣಲ್ಲಿ ಕೂತಿರೋ ಜಾಗ ಅದು. ಅವ್ರ ತಲೆ ಮೇಲೆ ಯಾರೋ ಚಪ್ಪಲಿ ಮೆಟ್ಕೊಂಡು ಓಡಾಡೋದು ಬೇಡ. ಈ ಮನೆ ಮಾರ್ಬುಟ್ಟು ಅಲ್ಲೇ ಒಂದು ತಗೊಳಣ.” ಬೇರೆ ಯಾವ ಕಾರಣ ಕೊಟ್ಟಿದ್ದರೂ ನಿನ್ನ ಜೊತೆ ಬೆಳಗಿನ ತನಕ ಜಗಳ ಆಡುತ್ತಿದ್ದೆ. ಅಪ್ಪನ ಹೆಸರು ತಂದದ್ದಕ್ಕೆ ಒಪ್ಪಿಕೊಂಡೆ. ಯಾಕೆಂದರೆ ಆ ಜಾಗಕ್ಕೆ ಗುರುತಿಲ್ಲದೆ ಹೋದದ್ದು ನನ್ನಿಂದ.

ಅಜ್ಜ ಅಜ್ಜಿಯ ಸಮಾಧಿಗೆ ಕಲ್ಲು ಇತ್ತು. ದೊಡ್ಡಪ್ಪ ಕೆರೆ ಏರಿಯ ನಮ್ಮ ಹುಣಸೆ ತೋಪನ್ನು ಬಡಾವಣೆಯವರಿಗೆ ಮಾರಿದಾಗ ಕಲ್ಲಿದ್ದ ಅಷ್ಟು ಜಾಗವನ್ನು ಬೇಲಿ ಹಾಕಿ ಬಿಟ್ಟರು, ಈಗ ಅದು ಬಡಾವಣೆಯ ಮೂಲೆಯ ಪಾರ್ಕು. ಅಪ್ಪನಿಗೆ ಕಲ್ಲು ಬೇಡ ಎಂದವಳು ನಾನು. ಸಮಾಧಿ ಪೂಜೆ ಬೇಡ, ಮೂರನೇ ದಿನ ಹಾಲು ಎರೆಯುವುದು ಬೇಡ, ಆ ಹಾಲನ್ನು ಆಸ್ಪತ್ರೆಯ ಮಕ್ಕಳಿಗೆ ಕೊಡೋಣ ಎಂದು ಇಪ್ಪತ್ತೊಂದು ವರ್ಷದ ನಾನು ಸೂತಕದ ಮನೆಯಲ್ಲಿ ನಿಂತು ಭಾಷಣ ಮಾಡಿದೆ. ಯಾರೂ ಎದುರಾಡಲಿಲ್ಲ. ಅವತ್ತು ನಾನು ಗೆದ್ದೆ ಅಂದುಕೊಂಡೆ.

ನಾವಿಬ್ಬರೂ ಆ ಮನೆಗಳನ್ನು ನೋಡಲು ಹೋದ ದಿನ ಬಿಸಿಲು ಎಷ್ಟಿತ್ತು ಅಂತ ನಿನಗೆ ನೆನಪಿರಬೇಕು. ನೀನು ಛತ್ರಿ ಹಿಡಿದು ಒಂದೊಂದೇ ಮನೆಯ ಒಳಗೆ ಹೋಗಿ ಬಂದೆ. ಹದಿನೇಳನೇ ಮನೆಯಲ್ಲಿ ಬಹಳ ಹೊತ್ತು ಇದ್ದೆ. ಅಡುಗೆಮನೆಯ ನಲ್ಲಿ ತಿರುಗಿಸಿ, ಮಟಮಟ ಮಧ್ಯಾಹ್ನದಲ್ಲಿ ನೀರು ಬಂದದ್ದು ನೋಡಿ, ಕೈ ಒಡ್ಡಿ ಹಾಗೇ ನಿಂತುಬಿಟ್ಟೆ. ದುಃಖ ತಡೆದುಕೊಳ್ಳುತ್ತಿದ್ದೀಯ ಎಂದುಕೊಂಡು ನಾನು ಹೊರಗೆ ಬಂದೆ. ಹೊರಗೆ ವಿಜಯ್‌ಕುಮಾರ್, ಆ ಮನೆ ತೋರಿಸುವವನು, ಕಾಯುತ್ತಿದ್ದ. ನನ್ನನ್ನು ಗುರುತು ಹಿಡಿದ. “ಮೇಡಂ, ನಿಮ್ಮ ಪಾಂಪ್ಲೆಟ್ ಓದಿನೇ ನಮ್ಮ ಮೂರು ಮನೆ ಬುಕ್ ಆದ್ವು ಕಣ್ರೀ. ಕೆರೆ ಬಗ್ಗೆ ಅಷ್ಟು ಚೆನ್ನಾಗಿ ಬರ್ದಿದ್ದೀರ, ಆ ಹಕ್ಕಿ, ಆ ಗಾಳಿ! ನಮ್ಮೋರಿಗೆ ಅಂಗೆ ಬರಿಯಕ್ಕೆ ಬರಲ್ಲ” ಎಂದ. ಅವನು ವ್ಯಂಗ್ಯ ಮಾಡಿದ್ದರೆ ಉತ್ತರ ಕೊಡುತ್ತಿದ್ದೆ. ಅವನು ನಿಜವಾಗಿಯೂ ಹೊಗಳುತ್ತಿದ್ದ.

ಅಷ್ಟರಲ್ಲಿ ನೀನು ಬಂದು ಆ ಮನೆಯ ಮೆಟ್ಟಿಲ ಮೇಲೆ ಕೂತೆ. ಅವನು ಆಚೆ ಹೋದ ಮೇಲೆ ಸಣ್ಣ ದನಿಯಲ್ಲಿ ಕೇಳಿದೆ: “ಎಲ್ಲಿ ಮಗಾ ನಿಮ್ಮಪ್ಪನ್ನ ಕೂರ್ಸಿದ್ದು? ನಮ್ಮ ಮನೇಲಿ ನೀನೊಬ್ಳೇ ಅಲ್ವಾ ನೋಡಿರೋಳು.” ನಾನು ಸುತ್ತ ನೋಡಿದೆ. ಹುಣಸೆ ಮರಗಳಿಲ್ಲ, ಏರಿಯ ಇಳಿಜಾರಿಲ್ಲ, ಎಲ್ಲಾ ಸಪಾಟು. ನಾನು ಬೆರಳು ಮಾಡಿ ತೋರಿಸಿದೆ. ನೀನು ಕೂತಿದ್ದ ಮೆಟ್ಟಿಲಿನ ಮುಂದಿನ ಅಂಗಳವನ್ನೇ ತೋರಿಸಿದೆ. “ಹಂಗಾದ್ರೆ ಈ ಮನೇನೇ ಆಗ್ಲಿ” ಎಂದು ನೀನು ಎದ್ದೆ.

ಅವ್ವ, ಅಪ್ಪ ಎಲ್ಲಿದ್ದಾರೆ ಎಂದು ನನಗೆ ಗೊತ್ತಿಲ್ಲ. ನಾನು ನೋಡಲೇ ಇಲ್ಲ.

ಬರೆದುಬಿಟ್ಟೆ. ಈ ಒಂದು ಸಾಲು ಬರೆಯಲು ಒಂದು ತಿಂಗಳು ಬೇಕಾಯಿತು. ನಿಜ ಹೇಳಬೇಕೆಂದರೆ ಆರು ವರ್ಷ.

ಅಪ್ಪ ಹೋದ ದಿನ ಬಾಗಿಲಲ್ಲಿ ನಡೆದದ್ದು ನಿನ್ನ ಕಣ್ಣೆದುರೇ ನಡೆಯಿತು. ನಮ್ಮ ಮನೆತನದಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. “ಹೆಣ್ಮಕ್ಕಳು ಬರೋ ಜಾಗ ಅಲ್ಲ ಕಣಮ್ಮ, ಇಲ್ಲೇ ನಿಲ್ಲು” ಎಂದು ದೊಡ್ಡಪ್ಪ ಅಡ್ಡ ಬಂದರು. ಅವರ ಎದುರು ನಾನು ಓದಿದ್ದ ಕರಪತ್ರಗಳನ್ನೆಲ್ಲ ಒಪ್ಪಿಸಿದೆ. ಯಾವ ಶರಣರು ಹೇಳಿದ್ದಾರೆ ತೋರಿಸಿ ಎಂದೆ. ಅವರು ಸುಸ್ತಾಗಿ ದಾರಿ ಬಿಟ್ಟರು. ಅಪ್ಪನನ್ನು ಕೂರಿಸಿದ್ದ ಹೂವಿನ ವಿಮಾನದ ಹಿಂದೆ ನಾನೊಬ್ಬಳೇ ಹೆಂಗಸು, ತಲೆ ಎತ್ತಿಕೊಂಡು ನಡೆದೆ. ಬೀದಿಯ ಜನ ನೋಡಲಿ ಎಂದೇ ನಡೆದೆ. ಅದೂ ಈಗ ಹೇಳಿಬಿಡುತ್ತೇನೆ.

ಏರಿಯ ಬುಡ ಮುಟ್ಟಿದೆವು. ಮೇಲಿನಿಂದ ಯಾರೋ ಕೂಗಿದರು, ಅಜ್ಜನ ಪಕ್ಕ ಬಂಡೆ ಸಿಕ್ಕಿದೆ, ಗುಂಡಿ ಬೇರೆ ಕಡೆ ಅಗೆಯುತ್ತಿದ್ದೇವೆ ಎಂದು. ಹಾರೆ ಕಲ್ಲಿಗೆ ತಗಲುವ ಸದ್ದು ಬಂತು. ಆ ಸದ್ದಿಗೆ ನಾನು ನಿಂತುಬಿಟ್ಟೆ. ಎಲ್ಲರೂ ನನ್ನನ್ನು ದಾಟಿಕೊಂಡು ಮೇಲೆ ಹತ್ತಿದರು. ನಾನು ಹುಣಸೆ ಮರದ ಹಿಂದೆ ಕೂತೆ. ಅಲ್ಲಿ ಎರಡು ಎಮ್ಮೆ ಮೇಯುತ್ತಿದ್ದವು, ಅವನ್ನೇ ನೋಡುತ್ತಾ ಕೂತೆ. ಭಜನೆ ನಿಂತಿತು, ಮಣ್ಣು ಬೀಳುವ ಸದ್ದೂ ನಿಂತಿತು. ಆಮೇಲೆ ಎದ್ದು ಕಾಲುವೆಯಲ್ಲಿ ಮುಖ ತೊಳೆದುಕೊಂಡು, ಇಳಿದು ಬಂದವರ ನಡುವೆ ಸೇರಿಕೊಂಡೆ.

ಮನೆಗೆ ಬಂದಾಗ ನೀನು ಕೇಳಿದ್ದು ಒಂದೇ: “ಸರಿಯಾಗಿ ಕೂರ್ಸಿದ್ರಾ?” ಕೆರೆ ಕಾಣುವ ಹಾಗೆ, ಮುಖದ ಮೇಲೆ ಬಿಸಿಲು ಬೀಳದ ಹಾಗೆ ಕೂರಿಸಿದರು, ಮೊದಲ ಮೂರು ಹಿಡಿ ಮಣ್ಣು ನಾನೇ ಹಾಕಿದೆ ಎಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಹದಿನೈದು ದಿನಕ್ಕೆ ‘ಮಗಳು ಹಾಕಿದ ಮಣ್ಣು’ ಎಂದು ನಾಲ್ಕು ಪುಟದ ಕರಪತ್ರ ಬರೆದು, ಅಪ್ಪನ ಮೆಷಿನ್ನಿನಲ್ಲೇ ಅಚ್ಚು ಹಾಕಿ ಹಂಚಿದೆ. ಅದನ್ನು ಓದಿ ಬೇರೆ ಮನೆಗಳ ಇಬ್ಬರು ಹುಡುಗಿಯರು ತಮ್ಮ ಅಪ್ಪಂದಿರ ಮಣ್ಣಿಗೆ ಹೋದರು, ಗುಂಡಿಯ ತನಕ ಹೋದರು, ಮಣ್ಣು ಹಾಕಿದರು. ಅವರಲ್ಲೊಬ್ಬಳು ಬಂದು ನನ್ನ ಕೈ ಹಿಡಿದು ಅತ್ತಳು. ನಾನು ಅವಳಿಗೆ ಸಮಾಧಾನ ಹೇಳಿದೆ. ಎಂಥ ಸಮಾಧಾನ ಹೇಳಿದೆ ಎಂದು ಈಗ ನೆನಪಿಸಿಕೊಳ್ಳಲೂ ನಾಚಿಕೆ.

ಹೆಂಗಸರು ಹೋಗಬೇಕು ಎಂದದ್ದು ತಪ್ಪಲ್ಲ. ಅದನ್ನು ನಾನು ವಾಪಸು ತೆಗೆದುಕೊಳ್ಳುವುದಿಲ್ಲ. ಹೋಗಿ, ಆಗದೆ ಕೂತುಬಿಟ್ಟೆ ಎಂದು ಹೇಳಬಹುದಿತ್ತು. ಹೇಳಿದರೆ “ನೋಡಿದ್ರಾ, ಇದಕ್ಕೇ ಹೆಂಗಸ್ರು ಬೇಡ ಅನ್ನೋದು” ಎನ್ನುತ್ತಾರೆ ಎಂದು ಹೆದರಿದೆ. ಸುಳ್ಳು ಹೇಳಿ ಉಳಿಸಿಕೊಂಡೆ. ಈಗ ಆ ಸುಳ್ಳಿನ ಮೇಲೆ, ಅಪ್ಪ ಮೂವತ್ತು ವರ್ಷ ದುಡಿದ ಈ ಮನೆಯನ್ನು ನೀನು ಮಾರಿ ಇನ್ನೊಂದು ಕೊಳ್ಳಲು ಹೊರಟಿದ್ದೀಯ. ನಾಳೆ ಅಲ್ಲಿಗೆ ಹೋಗಿ ಅಂಗಳಕ್ಕೆ ದಿನಾ ಹೂ ಹಾಕುತ್ತೀಯ, ಯಾರೂ ಇಲ್ಲದ ಖಾಲಿ ಮಣ್ಣಿಗೆ. ಅದನ್ನು ಪಕ್ಕದಲ್ಲಿ ನಿಂತು ನೋಡಿಕೊಂಡಿರುವ ಶಕ್ತಿ ನನ್ನಲ್ಲಿಲ್ಲ. ಹೋರಾಟಕ್ಕೆ ಇದ್ದ ಶಕ್ತಿಯೇ ಮುಗಿದಿದೆ, ಇದಕ್ಕೆ ಎಲ್ಲಿಂದ ತರಲಿ?

ಆದ್ದರಿಂದ ಚೆಕ್ಕು ಕಟ್ಟುವುದು ಬೇಡ. ಈ ಮನೆಯನ್ನು ಕೇಳಿದವರಿಗೂ ಇಲ್ಲ ಎಂದು ಹೇಳಿಬಿಡೋಣ. ನೀನು ಬಯ್ಯಬೇಕು ಅನ್ನಿಸಿದರೆ ಬಂದ ಮೇಲೆ ಬೈಯಿ, ಕಾಗದದಲ್ಲಿ ಬೇಡ. ಎದುರಿಗೆ ಬೈದರೆ ತಡೆದುಕೊಳ್ಳುತ್ತೇನೆ.

ಅಕ್ಕನಿಗೆ ಬಿಸಿನೀರು ಹಾಕುವಾಗ ನಿನ್ನ ಸೊಂಟ ಜೋಪಾನ. ಭಾರದ ಹಂಡೆ ನೀನು ಎತ್ತಬೇಡ, ಭಾವನಿಗೆ ಹೇಳು, ಮೂಗೊಂದೇ ಅಲ್ಲ ಕೈಯೂ ಇದೆ ಅವರಿಗೆ.

ತಲೆ ತಗ್ಗಿಸಿ,
ನಿನ್ನ ಮಗಳು
ಅಕ್ಷತಾ

ಮರುದಿನ ಸೇರಿಸಿದ್ದು: ಕಾಗದ ಅಂಚೆಗೆ ಹಾಕುವ ಮೊದಲು, ಅಪ್ಪನ ನಿಜವಾದ ಜಾಗವನ್ನಾದರೂ ತಿಳಿದು ನಿನಗೆ ಬರೆಯೋಣ ಎಂದು ಇವತ್ತು ಬೆಳಗ್ಗೆ ಶ್ರೀರಾಂಪುರಕ್ಕೆ, ಗುರುಮಲ್ಲಪ್ಪ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಹದಿನೇಳನೇ ಮನೆಯ ಅಂಗಳವಾ ದೊಡ್ಡಪ್ಪ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಹದಿನೇಳಾ? ಅಲ್ಲಿ ನಮ್ಮ ಎಮ್ಮೆ ಕಟ್ತಿದ್ವಿ ಕಣವ್ವ. ನಿಮ್ಮಪ್ಪ ಅಲ್ಲ್ಯಾಕೆ ಇರ್ತಾನೆ? ಬಂಡೆ ಬಿಟ್ಟು ನಾಲ್ಕು ಮಾರು ಈಚೆ ಅಗೆದ್ವಿ, ನಿಮ್ಮಜ್ಜನ ಇನ್ನೊಂದು ಪಕ್ಕದಲ್ಲೇ, ಬೇಲಿ ಒಳಗೇ ಅವ್ನೆ. ನಿಮ್ಮವ್ವನ್ನ ಕೇಳೋದಲ್ವಾ? ಮೂರನೇ ದಿನ ನೀನು ಆಸ್ಪತ್ರೆಗೆ ಹಾಲು ಹಂಚೋಕೆ ಹೋದೆಯಲ್ಲ, ಅವತ್ತೇ ನಾನು ಕರ್ಕೊಂಡೋಗಿ ತೋರಿಸ್ದೆ. ಆಮೇಲೆ ವರ್ಷಾ ವರ್ಷಾ ಅವಳೇ ಬಸ್ಸಲ್ಲಿ ಬಂದು ಹಾಲು ಎರೆದು ಹೋಗ್ತಿದ್ಲು. ತೋಪು ಮಾರೋವಾಗ, ಅಷ್ಟು ಜಾಗ ಬಿಡಿಸ್ಕೊಡೋ ತನಕ ಏಳಕ್ಕಿಲ್ಲ ಅಂತ ಇದೇ ಜಗಲಿ ಮೇಲೆ ಎರಡು ದಿನ ಕೂತ್ಬುಟ್ಲು.” ನಾನು ಏರಿಯ ಕೆಳಗೇ ಕೂತಿದ್ದದ್ದು ಕೂಡ ಅವರಿಗೆ ಗೊತ್ತಿತ್ತು. ಮೂರನೇ ದಿನವೇ ನಿನಗೂ ಹೇಳಿದರಂತೆ.

ಅಂದರೆ ನನ್ನ ನಾಲ್ಕು ಪುಟವನ್ನು ನೀನು ಗೊತ್ತಿದ್ದೇ ಓದಿದೆ. ಅಕ್ಕಪಕ್ಕದವರಿಗೆ ಕೊಟ್ಟೂ ಬಂದೆ. ಹೋದ ತಿಂಗಳು ಎಮ್ಮೆ ಕಟ್ಟುತ್ತಿದ್ದ ಜಾಗಕ್ಕೆ ನಾನು ಬೆರಳು ಮಾಡಿದಾಗಲೂ ಗೊತ್ತಿದ್ದೇ ‘ಈ ಮನೇನೇ ಆಗ್ಲಿ’ ಎಂದೆ. ಆ ನಲ್ಲಿಗೆ ಕೈ ಒಡ್ಡಿ ನಿಂತದ್ದು ದುಃಖಕ್ಕಲ್ಲ. ಆ ಮನೆ ನಿನಗೆ ಬೇಕಾಗಿತ್ತು, ಬೇಕು ಎಂದರೆ ನಾನು ಭಾಷಣ ಮಾಡುತ್ತೇನೆ ಎಂದು ಅಪ್ಪನನ್ನು ಮುಂದಿಟ್ಟೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಕೋಪ ಬರಲಿ ಎಂದು ಕಾದೆ, ಬರಲಿಲ್ಲ.

ಆ ಬಡಾವಣೆ ತಪ್ಪು ಎಂದು ಈಗಲೂ ಹೇಳುತ್ತೇನೆ. ನೀನು ಅಲ್ಲಿಗೆ ಹೋದರೆ ಅಲ್ಲಿಗೇ ಬಂದು ಹೇಳುತ್ತೇನೆ. ಆದರೆ ಚೆಕ್ಕು ಬೇಡ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ಆ ಮನೆ ಬೇಕು ಎಂದಿದ್ದರೆ ಬೇಕು ಎಂದು ಇಪ್ಪತ್ತನೇ ತಾರೀಖಿನ ಸೋಮವಾರದೊಳಗೆ ನನಗೆ ಸೇರುವ ಹಾಗೆ ಒಂದು ಕಾರ್ಡು ಹಾಕು, ನಾನೇ ಹೋಗಿ ಕಟ್ಟಿ ಬರುತ್ತೇನೆ. ಕಾರಣ ಬರೆಯಬೇಡ.