ಇಸ್ತ್ರಿ ಪೆಟ್ಟಿಗೆ ಹೊತ್ತ ರಟ್ಟಿನ ಬಳೆ

ಮಾರ್ಚ್ ೧೪, ಶನಿವಾರ

ಅಂಟು ಒಣಗಿದೆ. ಬೆರಳಲ್ಲಿ ಒತ್ತಿ ನೋಡಿ ಹೇಳಿದವಳು ಮಗಳು.

ಹೋದ ವಾರ ನಾವು ಮನೆಯಲ್ಲೇ ಮಾಡಿದ ಪುಟ್ಟ ರಟ್ಟಿನ ರಾಕೆಟ್ಟಿನೊಳಗೆ ಮದ್ದು ತುಂಬಿದ ಎಂಜಿನ್ ಹಿಡಿದಿಡುವ ರಟ್ಟಿನ ಉಂಗುರಗಳು ಕಿತ್ತುಬಂದು, ಎಂಜಿನ್ ಮಾತ್ರ ರಾಕೆಟ್ಟಿನ ಮೂತಿ ಸೀಳಿಕೊಂಡು ಹಾರಿತ್ತು. ರಾಕೆಟ್ ನಿಂತಲ್ಲೇ ನಿಂತಿತ್ತು. ಆಮೇಲೆ ಅವಳು ಅದರ ಮಾತೇ ಎತ್ತಿರಲಿಲ್ಲ. ಈ ಸಲ ಉಂಗುರಗಳನ್ನು ತಾನೇ ಕತ್ತರಿಸಿ ಕೂರಿಸಿದ್ದಾಳೆ. ಅವಳ ಬಾಯಲ್ಲಿ ಅವು ಬಳೆ.

"ನಿಮ್ಮಪ್ಪ ಅಂಟಿಸಿದ್ದು ಯಾವತ್ತು ನಿಂತಿದೆ?" ಎಂದಳು ನನ್ನ ಹೆಂಡತಿ.

"ಅಮ್ಮಾ, ಈ ಬಳೆ ತೊಡಿಸಿದ್ದು ನಾನು!"

ಮಗಳು ರಾಕೆಟ್ಟನ್ನು ತಲೆಕೆಳಗಾಗಿ ಹಿಡಿದು, ಎಂಜಿನ್ ನೂಕಿದರೆ ಬಳೆಗಳು ತಡೆಯುತ್ತವೋ ನೋಡಲು, ಹೊರಚಾಚಿದ ಎಂಜಿನ್ ಕೊಳವೆಯ ಮೇಲೆ ತಣ್ಣಗಿನ ಇಸ್ತ್ರಿ ಪೆಟ್ಟಿಗೆ ಇಟ್ಟೇಬಿಟ್ಟಳು. ಮೂವರೂ ಬಗ್ಗಿ ನೋಡಿದೆವು. ಬಳೆಗಳು ಒಂದಿಷ್ಟೂ ಜಗ್ಗಲಿಲ್ಲ. ಬರೀ ರಟ್ಟು, ಅಂಟು! ಇನ್ನೂ ಅದನ್ನೇ ನೋಡುತ್ತಾ ಕೂತಿದ್ದೇನೆ.

ನಾಳೆ ಬೆಳಿಗ್ಗೆ ಮೈದಾನದಲ್ಲಿ ಹಾರಿಸುವುದು. ಗುಂಡಿ ಒತ್ತುವವಳು ಅವಳು.